ಅಡಿಕೆ ಸಿಪ್ಪೆ: ಕಾಂಪೋಸ್ಟಿಗೋ, ಕಾಂಪೋಸಿಟಿಗೋ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ದಾವಣಗೆರೆಯಿಂದ ಚನ್ನಗಿರಿಯ ಕಡೆಗೆ ಹೋಗುವ ರಸ್ತೆಯ ಚಹರೆಯೇ ಬದಲಾಗುತ್ತದೆ. ಸುಲಿಯುವ ಯಂತ್ರಗಳ ಸದ್ದು, ಹಂಡೆಗಳಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ, ರಸ್ತೆಯ ಎರಡೂ ಮಗ್ಗುಲಲ್ಲಿ ಹಸಿ ಸಿಪ್ಪೆಯ ಗುಡ್ಡೆಗಳು. ಕೆಲವು ದಿನ ಕಳೆದರೆ ಆ ಗುಡ್ಡೆಗಳಿಗೆ ಯಾರೋ ಬೆಂಕಿ ಇಟ್ಟಿರುತ್ತಾರೆ. ಅದು ಉರಿಯುವುದಿಲ್ಲ, ಆರುವುದೂ ಇಲ್ಲ. ಒಳಗೊಳಗೇ ಹೊಗೆಯಾಡುತ್ತ ದಾರಿಹೋಕರ ಕಣ್ಣು ಕಟ್ಟುತ್ತದೆ.

ಕಳೆದ ಹಂಗಾಮಿನಲ್ಲಿ ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತರಬೇತಿ ಮುಗಿಸಿ ಹೊರಟಾಗ ಹಿರಿಯ ರೈತರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು.

“ಸಾರ್, ನಮ್ಮ ಮೊಮ್ಮಗ ದಾವಣಗೆರೆಯಾಗೆ ಇಂಜಿನಿಯರಿಂಗ್ ಓದ್ತಾನೆ. ಅಡಿಕೆ ಸಿಪ್ಪೆಯಾಗೆ ಹಲಗೆ ಮಾಡ್ತಾರಂತೆ, ಕಾರಿನ ಬಾಗಿಲು ಮಾಡ್ತಾರಂತೆ. ಅದಕ್ಕೆ ಕಾಂಪೋಸ್ಟ್ ಅಂತಲೋ ಏನೋ ಹೆಸರು ಹೇಳಿದ. ಕಾಂಪೋಸ್ಟ್ ಅಂದ್ರೆ ಗೊಬ್ಬರ ಅಲ್ವಾ ಸಾರ್? ಗೊಬ್ಬರದಾಗೆ ಕಾರು ಹೆಂಗೆ ಮಾಡ್ತಾರೆ?”

“ಅದು ಕಾಂಪೋಸ್ಟ್ ಅಲ್ಲ ಯಜಮಾನರೇ, ಕಾಂಪೋಸಿಟ್” ಎಂದೆ.

“ಏನೋ ಒಂದು. ನಿಜಾನೇ ಆಗಿದ್ರೆ ಈ ಸಿಪ್ಪೇನ ಇಟ್ಕಳ್ಳಾನೋ, ಮಾರಾನೋ? ಅದನ್ನ ಹೇಳಿ.”

ಅಲ್ಲಿದ್ದ ನಾಲ್ಕಾರು ಜನ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಬಸ್ಸಿನ ಹೊತ್ತಾಗಿದ್ದರಿಂದ ಅವರಿಗೆ ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟು ಬಂದೆ. ಉಳಿದ ಅರ್ಧವನ್ನು ಅವರಿಗೂ, ಅವರಂತೆ ಸಿಪ್ಪೆಯ ಗುಡ್ಡೆಯ ಮುಂದೆ ನಿಂತು ಯೋಚಿಸುವ ಎಲ್ಲ ರೈತ ಬಾಂಧವರಿಗೂ ಈ ಲೇಖನದಲ್ಲಿ ತಿಳಿಸಬಯಸುತ್ತೇನೆ.

ಎರಡು ಸೇರಿ ಮೂರನೆಯದು

ಕಾಂಪೋಸ್ಟ್, ಕಾಂಪೋಸಿಟ್ ಎಂಬ ಎರಡು ಮಾತುಗಳಿಗೂ ಮೂಲ ಒಂದೇ. ಒಟ್ಟಿಗೆ ಇಡುವುದು, ಕೂಡಿಸುವುದು ಎಂಬುದು ಆ ಮೂಲದ ಅರ್ಥ. ಕಸಕಡ್ಡಿ, ಸಗಣಿಗಳನ್ನು ಕೂಡಿಸಿ ಕೊಳೆಸಿದರೆ ಕಾಂಪೋಸ್ಟ್. ಬೇರೆ ಬೇರೆ ಗುಣದ ಎರಡು ವಸ್ತುಗಳನ್ನು, ಅವು ಒಂದರಲ್ಲೊಂದು ಕರಗಿಹೋಗದಂತೆ ಬೆಸೆದು, ಎರಡರಲ್ಲಿ ಯಾವ ಒಂದರಿಂದಲೂ ಆಗದ ಕೆಲಸವನ್ನು ಮಾಡಿಸಿಕೊಂಡರೆ ಅದು ಕಾಂಪೋಸಿಟ್. ಕನ್ನಡದಲ್ಲಿ ಇದನ್ನು ಸಂಯೋಜಿತ ವಸ್ತು ಎನ್ನಬಹುದು.

ಹಾಲಿಗೆ ಸಕ್ಕರೆ ಹಾಕಿದರೆ ಅದು ಸಂಯೋಜಿತ ವಸ್ತುವಲ್ಲ, ಸಕ್ಕರೆ ಕರಗಿಹೋಯಿತು. ತಾಮ್ರಕ್ಕೆ ಸತುವನ್ನು ಬೆರೆಸಿ ಮಾಡಿದ ಹಿತ್ತಾಳೆಯೂ ಅಲ್ಲ. ಎರಡು ಲೋಹಗಳೂ ಕರಗಿ ಒಂದಾದವು. ಸಂಯೋಜಿತ ವಸ್ತುವನ್ನು ಒಡೆದು ನೋಡಿದರೆ ಎರಡೂ ಪದಾರ್ಥಗಳು ಬೇರೆ ಬೇರೆಯಾಗಿಯೇ ಕಾಣಬೇಕು.

ಇದು ಹೊಸ ವಿದ್ಯೆಯೇನೂ ಅಲ್ಲ. ನಿಮ್ಮ ಮನೆಯಲ್ಲೇ ಹುಡುಕಿ ನೋಡಿ. ಗೋಡೆ ಕಟ್ಟಲು ಮಣ್ಣು ಕಲಸುವಾಗ ಹಿರಿಯರು ಅದಕ್ಕೆ ಭತ್ತದ ಹುಲ್ಲನ್ನು ಕತ್ತರಿಸಿ ಹಾಕಿ ತುಳಿಯುತ್ತಿದ್ದರು. ಬಿದಿರಿನ ಮೊರಕ್ಕೆ ನೆನೆಸಿದ ಮೆಂತ್ಯವನ್ನು ರುಬ್ಬಿ, ಕಾಗದದ ಮುದ್ದೆಯೊಡನೆ ಬಳಿಯುತ್ತಿದ್ದರು. ಕಾಳು ತುಂಬುವ ಬಿದಿರಿನ ಕಣಜಕ್ಕೆ ಸಗಣಿ, ಮಣ್ಣು ಮೆತ್ತುತ್ತಿದ್ದರು. ಬಿದಿರು ಮಾತ್ರ ಇದ್ದರೆ ಕಾಳು ಸೋರುತ್ತದೆ, ಸಗಣಿ ಮಾತ್ರ ಇದ್ದರೆ ಬಿರುಕು ಬಿಡುತ್ತದೆ. ಎರಡೂ ಸೇರಿದಾಗ ಕಣಜ ನಿಲ್ಲುತ್ತದೆ. ಇಂದು ಹಳ್ಳಿಹಳ್ಳಿಗೂ ಬಂದಿರುವ ಆರ್‌.ಸಿ.ಸಿ. ತಾರಸಿಯೂ ಇದೇ ಜಾತಿಯದು: ಸಿಮೆಂಟು ಜಲ್ಲಿಯ ಮುದ್ದೆ, ಒಳಗೆ ಕಬ್ಬಿಣದ ಸರಳು. ಟ್ರ್ಯಾಕ್ಟರಿನ ಟೈರೂ ಬರೀ ರಬ್ಬರಲ್ಲ. ಅದರೊಳಗೆ ಗಟ್ಟಿ ನೂಲಿನ ಪದರಗಳಿವೆ.

ನಾರಿನ ಕೆಲಸವೇನು, ಅಂಟಿನ ಕೆಲಸವೇನು?

ಹೆಚ್ಚಿನ ಸಂಯೋಜಿತ ವಸ್ತುಗಳಲ್ಲಿ ಎರಡು ಪಾಲುದಾರರು ಇರುತ್ತಾರೆ. ಒಬ್ಬ ನಾರು, ಇನ್ನೊಬ್ಬ ಅಂಟು. ಹಗ್ಗವನ್ನು ನೆನಪಿಸಿಕೊಳ್ಳಿ. ಅದು ಎತ್ತಿನ ಎಳೆತವನ್ನು ತಡೆಯುತ್ತದೆ, ಆದರೆ ನೆಟ್ಟಗೆ ನಿಲ್ಲಲಾರದು. ಒಣಗಿದ ಮಣ್ಣಿನ ಇಟ್ಟಿಗೆ ಮೇಲಿನ ಭಾರವನ್ನು ಹೊರುತ್ತದೆ, ಆದರೆ ಬಗ್ಗಿಸಿದರೆ ಮುರಿಯುತ್ತದೆ. ನಾರು ಎಳೆತಕ್ಕೆ ಗಟ್ಟಿ, ಅಂಟು ಒತ್ತಡಕ್ಕೆ ಗಟ್ಟಿ. ಅಂಟು ನಾರುಗಳನ್ನು ತಮ್ಮ ತಮ್ಮ ಜಾಗದಲ್ಲಿ ಹಿಡಿದಿಡುತ್ತದೆ ಮತ್ತು ಒಂದು ನಾರಿನ ಮೇಲೆ ಬಿದ್ದ ಭಾರವನ್ನು ಪಕ್ಕದ ನಾರುಗಳಿಗೆ ಹಂಚುತ್ತದೆ.

ಎರಡು ಕಲ್ಲಿನ ಮೇಲೆ ಒಂದು ಹಲಗೆ ಇಟ್ಟು ನಡುವೆ ನಿಂತರೆ ಹಲಗೆಯ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಮುರಿಯುವುದಿದ್ದರೆ ಬಿರುಕು ಹುಟ್ಟುವುದು ಕೆಳಗಡೆ. ತಾರಸಿ ಹಾಕುವಾಗ ಮೇಸ್ತ್ರಿ ಅಂಕಣದ ನಡುವೆ ಸರಳುಗಳನ್ನು ತಳದ ಹತ್ತಿರ ಇಡುವುದು ಇದಕ್ಕಾಗಿಯೇ. ಬಿರುಕು ಬಾಯಿ ತೆರೆಯಲು ಹೊರಟಾಗ ಅಡ್ಡಲಾಗಿರುವ ನಾರು ಅಥವಾ ಸರಳು ಅದನ್ನು ಹೊಲಿಗೆ ಹಾಕಿದಂತೆ ಹಿಡಿದುಕೊಳ್ಳುತ್ತದೆ.

ಈ ಕೆಲಸ ಸರಿಯಾಗಿ ನಡೆಯಲು ಮೂರು ಷರತ್ತುಗಳಿವೆ.

1. ನಾರು ಸಾಕಷ್ಟು ಉದ್ದವಿರಬೇಕು. ಕಳೆ ಕೀಳುವಾಗ ನೀವು ಗಮನಿಸಿರಬಹುದು. ಗಿಡ್ಡ ಬೇರಿನ ಕಳೆ ಬೇರುಸಹಿತ ಸಲೀಸಾಗಿ ಬರುತ್ತದೆ. ಉದ್ದ ಬೇರಿನದು ಬರುವುದಿಲ್ಲ, ಬೇರು ತುಂಡಾಗುತ್ತದೆ. ಬೇರನ್ನು ಮಣ್ಣು ಹಿಡಿದಿರುವ ಉದ್ದ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ನಾರೂ ಹಾಗೆಯೇ. ತೀರ ಗಿಡ್ಡವಾದರೆ ಅಂಟಿನಿಂದ ಜಾರಿ ಹೊರಬರುತ್ತದೆ, ಅದರ ಶಕ್ತಿ ಉಪಯೋಗಕ್ಕೆ ಬಾರದು.

2. ಅಂಟು ನಾರಿಗೆ ಕಚ್ಚಿಕೊಳ್ಳಬೇಕು. ಎಣ್ಣೆ ಸವರಿದ ಕೈಗೆ ಹಿಟ್ಟು ಅಂಟುವುದಿಲ್ಲ. ಗಿಡದ ನಾರುಗಳ ಮೇಲೆ ಸಹಜವಾಗಿಯೇ ಮೇಣದಂಥ ಪದರ ಇರುವುದರಿಂದ ಅದನ್ನು ಮೊದಲು ತೆಗೆಯಬೇಕಾಗುತ್ತದೆ.

3. ನಾರು ಎಳೆತದ ದಿಕ್ಕಿನಲ್ಲೇ ಇರಬೇಕು. ಸೌದೆಯನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಉದ್ದಕ್ಕೂ ಮುಂದಿನದು ಅಡ್ಡಕ್ಕೂ ಇರುವುದು ಎಲ್ಲ ದಿಕ್ಕಿಗೂ ಬಲ ಬರಲೆಂದೇ.

ನೀವೇ ಮಾಡಿ ನೋಡಿ

ಇದನ್ನು ನಂಬಲು ಪ್ರಯೋಗಶಾಲೆ ಬೇಡ. ಸುಮಾರು 10 ಕಿಲೋ ಎರೆಮಿಶ್ರಿತ ಮಣ್ಣನ್ನು ಚೆನ್ನಾಗಿ ಕಲಸಿ ಎರಡು ಪಾಲು ಮಾಡಿ. ಒಂದು ಪಾಲಿಗೆ ಏನನ್ನೂ ಸೇರಿಸಬೇಡಿ. ಇನ್ನೊಂದಕ್ಕೆ ಒಣಗಿದ ಅಡಿಕೆ ಸಿಪ್ಪೆಯನ್ನು ಜಜ್ಜಿ ಬಿಡಿಸಿದ ನಾರನ್ನು 50 ಗ್ರಾಂನಷ್ಟು ಹರಡಿ ಕಲಸಿ. ಎರಡರಲ್ಲೂ ಒಂದೇ ಅಳತೆಯ ಉದ್ದನೆಯ ಇಟ್ಟಿಗೆಗಳನ್ನು ಮಾಡಿ, ನೆರಳಿನಲ್ಲಿ ಎರಡು ವಾರ ಒಣಗಿಸಿ. ಮೊದಲನೆಯದರಲ್ಲಿ ಒಣಗುವಾಗಲೇ ಬಿರುಕುಗಳು ಕಾಣಬಹುದು. ನಂತರ ಎರಡು ಕಲ್ಲುಗಳ ನಡುವೆ ಇಟ್ಟು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಭಾರ ಹೇರಿ. ಬರೀ ಮಣ್ಣಿನದು ಸೂಚನೆ ಕೊಡದೆ ಎರಡು ತುಂಡಾಗುತ್ತದೆ. ನಾರು ಬೆರೆತದ್ದು ಬಿರುಕು ಬಿಟ್ಟರೂ ಕೂಡಲೇ ಬೀಳುವುದಿಲ್ಲ. ತುಂಡುಗಳ ನಡುವೆ ನಾರುಗಳು ಸೇತುವೆಯಂತೆ ಹಿಡಿದು ನಿಂತಿರುವುದನ್ನು ಕಣ್ಣಾರೆ ಕಾಣಬಹುದು. ಶಾಲೆಗೆ ಹೋಗುವ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು.

ಗಾಜಿನ ನಾರು, ಇಂಗಾಲದ ನಾರು

ಯಂತ್ರಲೋಕ ಇದೇ ತತ್ವವನ್ನು ಬಹು ದೂರ ಕೊಂಡೊಯ್ದಿದೆ. ಗಾಜು ಕೈಜಾರಿದರೆ ಒಡೆಯುವ ವಸ್ತು. ಅದಕ್ಕೆ ಕಾರಣ ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳು. ಬಿರುಕು ಅಲ್ಲಿಂದ ಓಡುತ್ತದೆ. ಅದೇ ಗಾಜನ್ನು ಕರಗಿಸಿ ತಲೆಗೂದಲಿಗಿಂತಲೂ ತೆಳುವಾದ ಎಳೆಗಳಾಗಿ ಎಳೆದರೆ, ಅಷ್ಟು ಸಣ್ಣ ಎಳೆಯಲ್ಲಿ ದೊಡ್ಡ ಗೀರಿಗೆ ಜಾಗವೇ ಇರುವುದಿಲ್ಲ. ಆದ್ದರಿಂದ ಗಾಜಿನ ಎಳೆ ಉಕ್ಕಿನ ತಂತಿಗೆ ಸರಿಸಾಟಿಯಾಗಿ ಎಳೆತವನ್ನು ತಡೆಯುತ್ತದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಇಂಥ ಎಳೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ಅವನ್ನು ಪಾಲಿಯೆಸ್ಟರ್ ಅಥವಾ ಎಪಾಕ್ಸಿ ಎಂಬ ಅಂಟುರಾಳದಲ್ಲಿ ಅದ್ದಿ ಅಚ್ಚಿನ ಮೇಲೆ ಪದರ ಪದರವಾಗಿ ಕೂರಿಸಿದರೆ ನಾವು “ಫೈಬರ್” ಎಂದು ಕರೆಯುವ ವಸ್ತು ಸಿದ್ಧ. ನೀರಿನ ತೊಟ್ಟಿ, ಗೋಬರ್ ಗ್ಯಾಸ್ ಗುಮ್ಮಟ, ಬಸ್ಸಿನ ಒಳಭಾಗಗಳು, ದೋಣಿ, ಛಾವಣಿಯ ಬೆಳಕಿನ ಹಾಳೆ, ಇವೆಲ್ಲ ಅದರಿಂದ ಆಗುತ್ತವೆ.

ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗುವುದನ್ನು ನೀವು ನೋಡಿರುತ್ತೀರಿ. ಆ ಉದ್ದನೆಯ ರೆಕ್ಕೆಗಳು ಮುಖ್ಯವಾಗಿ ಗಾಜಿನ ನಾರು ಮತ್ತು ಅಂಟುರಾಳದಿಂದ ಮಾಡಿದವು. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ. ಗಾಜಿನ ನಾರಿನ ಸಂಯೋಜಿತ ವಸ್ತು ಸುಮಾರು 2 ಪಟ್ಟು ಮಾತ್ರ. ಅಷ್ಟುದ್ದದ ರೆಕ್ಕೆಯನ್ನು ಉಕ್ಕಿನಲ್ಲಿ ಮಾಡಿದ್ದರೆ ತನ್ನ ಭಾರವೇ ತನಗೆ ಹೊರೆಯಾಗುತ್ತಿತ್ತು.

ವಿಮಾನದಲ್ಲಂತೂ ಪ್ರತಿ ಕಿಲೋ ತೂಕಕ್ಕೂ ಲೆಕ್ಕವುಂಟು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೂಪುಗೊಂಡು 1993ರಲ್ಲಿ ಮೊದಲು ಹಾರಿದ ‘ಹಂಸ’ ತರಬೇತಿ ವಿಮಾನದ ಮೈ ಸಂಯೋಜಿತ ವಸ್ತುವಿನದು. ಬೆಂಗಳೂರಿನಲ್ಲೇ 2001ರ ಜನವರಿ 4ರಂದು ಮೊದಲು ಹಾರಿದ ‘ತೇಜಸ್’ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಶೇಕಡ 45ರಷ್ಟು ಇಂಥ ವಸ್ತುಗಳೇ. ಅದರಲ್ಲಿ ಮುಖ್ಯವಾದದ್ದು ಇಂಗಾಲದ ನಾರು.

ಆದರೆ ದೋಷಗಳೂ ಇವೆ. ಕಬ್ಬಿಣದ ನೇಗಿಲ ಗುಳ ಸವೆದರೆ ಕುಲುಮೆಗೆ ಕೊಟ್ಟು ತಟ್ಟಿಸಬಹುದು, ಮುರಿದರೆ ಬೆಸುಗೆ ಹಾಕಿಸಬಹುದು, ಕೊನೆಗೆ ಗುಜರಿಗಾದರೂ ಹಾಕಬಹುದು. ಫೈಬರ್ ಒಡೆದರೆ ಬೆಸುಗೆಯಿಲ್ಲ, ಕರಗಿಸಿ ಮತ್ತೆ ಎರಕ ಹೊಯ್ಯುವಂತಿಲ್ಲ. ಹಳೆಯ ಗಾಳಿಯಂತ್ರಗಳ ರೆಕ್ಕೆಗಳನ್ನು ಏನು ಮಾಡುವುದೆಂಬುದು ಇಂದು ಅನೇಕ ದೇಶಗಳಿಗೆ ತಲೆನೋವಾಗಿದೆ. ಗಾಜಿನ ಬದಲು ಗಿಡದ ನಾರನ್ನು ಹಾಕಿದರೆ ಹೇಗೆ ಎಂಬ ಯೋಚನೆ ಬಲಗೊಂಡದ್ದು ಇಲ್ಲಿಂದಲೇ. ಗಿಡದ ನಾರು ಗಾಜಿಗಿಂತ ಹಗುರ, ಅಗ್ಗ, ಪ್ರತಿ ವರ್ಷ ಬೆಳೆಯುವಂಥದ್ದು. ಯುರೋಪಿನ ಮೋಟಾರು ಕಂಪನಿಗಳು ಅಗಸೆ, ಸೆಣಬು ಮುಂತಾದ ನಾರುಗಳನ್ನು ಕಾರಿನ ಬಾಗಿಲಿನ ಒಳಹಲಗೆಗಳಿಗೆ ಬಳಸುತ್ತಿರುವುದು ನಿಜ. ಯಜಮಾನರ ಮೊಮ್ಮಗ ಹೇಳಿದ್ದು ಸುಳ್ಳಲ್ಲ.

ಹರಿಹರದ ಹೊಳೆಯಾಚೆ ನಡೆಯುವುದು

ಗಿಡದ ನಾರು ಕಾರ್ಖಾನೆಗೆ ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ದಾವಣಗೆರೆ ಹತ್ತಿಗಿರಣಿಗಳ ಊರಾಗಿಯೇ ಹೆಸರು ಮಾಡಿತು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸಿಗುತ್ತದೆ. ಅದು ಆರಂಭವಾದದ್ದು 1972ರಲ್ಲಿ. ಮರದಿಂದ ತಿರುಳನ್ನು ತೆಗೆಯುವುದು ಅದರ ಕೆಲಸ. ಆ ತಿರುಳಿನಿಂದ ಬಟ್ಟೆಯ ನಾರು ತಯಾರಾಗುತ್ತದೆ.

ಮರ ಎಂಬುದೇ ಪ್ರಕೃತಿ ಮಾಡಿದ ಸಂಯೋಜಿತ ವಸ್ತು. ಸೆಲ್ಯುಲೋಸ್ ಎಂಬ ನಾರು, ಅದನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟು. ಗಾಳಿಗೆ ತೂಗಿದರೂ ಮರ ಮುರಿಯದಿರುವುದು ಇವೆರಡರ ಜೋಡಿಯಿಂದ. ಕಾರ್ಖಾನೆಯಲ್ಲಿ ಮರದ ಚಕ್ಕೆಗಳನ್ನು ಕ್ಷಾರದ ದ್ರಾವಣದಲ್ಲಿ ಒತ್ತಡ ಕೊಟ್ಟು ಬೇಯಿಸಿ, ಅಂಟನ್ನು ಕರಗಿಸಿ, ನಾರನ್ನು ಉಳಿಸಿಕೊಳ್ಳುತ್ತಾರೆ. ಎಂಜಿನಿಯರು ನಾರು ಮತ್ತು ಅಂಟನ್ನು ಕೂಡಿಸಿದರೆ, ಇಲ್ಲಿ ಕೂಡಿದ್ದನ್ನು ಬಿಡಿಸುತ್ತಾರೆ.

ಈ ಕಾರ್ಖಾನೆಯ ಸುತ್ತಿನ ಇತಿಹಾಸದಿಂದ ರೈತರು ಕಲಿಯಬೇಕಾದ ಪಾಠವೊಂದಿದೆ. ಕಾರ್ಖಾನೆಯೊಂದು ಎದ್ದು ನಿಂತಿತೆಂದರೆ ಅದಕ್ಕೆ ವರ್ಷವಿಡೀ, ಒಂದೇ ಗುಣಮಟ್ಟದ, ಭಾರಿ ಪ್ರಮಾಣದ ಕಚ್ಚಾವಸ್ತು ಬೇಕು. 1984ರಲ್ಲಿ ಸರ್ಕಾರಿ ನಿಗಮ ಮತ್ತು ಈ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ರಚಿಸಿ, ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆಸುವ ಏರ್ಪಾಟಾಯಿತು. ದನ ಮೇಯುವ, ಸೌದೆ ಸೊಪ್ಪು ಸಿಗುವ ನೆಲ ಕೈಬಿಟ್ಟುಹೋಗುತ್ತದೆಂದು ಹಳ್ಳಿಗರು ಎದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯೋಗವಾಗುವ ಗಿಡ ನೆಡುವ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಲಾಯಿತು.

ಕಾರ್ಖಾನೆ ಬೇಡವೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಾರಿಗೆ ಬೆಲೆ ಬಂದಾಗ ಆ ನಾರು ಅದುವರೆಗೆ ಯಾರ ಪಾಲಿಗಿತ್ತು, ಮುಂದೆ ಯಾರ ಪಾಲಾಗುತ್ತದೆ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಅಡಿಕೆ ಸಿಪ್ಪೆಯ ವಿಷಯದಲ್ಲೂ ಅದೇ ಪ್ರಶ್ನೆ.

ದಾವಣಗೆರೆಯ ಪ್ರಯೋಗಶಾಲೆಗಳಲ್ಲಿ

ಅಡಿಕೆ ನಾರಿನ ಮೇಲೆ ದಾವಣಗೆರೆಯ ತಾಂತ್ರಿಕ ಕಾಲೇಜುಗಳಲ್ಲಿ ಒಳ್ಳೆಯ ಕೆಲಸವಾಗಿದೆ. 1951ರಲ್ಲಿ ಆರಂಭವಾದ ಯು.ಬಿ.ಡಿ.ಟಿ. ಕಾಲೇಜಿನ ಅಧ್ಯಾಪಕರೂ ಸೇರಿದ್ದ ಒಂದು ತಂಡ ಅಡಿಕೆ ನಾರನ್ನು ಫೀನಾಲ್ ಫಾರ್ಮಾಲ್ಡಿಹೈಡ್ ಎಂಬ ಅಂಟುರಾಳದೊಡನೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಹಲಗೆಗಳನ್ನು ಮಾಡಿ, ಅವುಗಳ ಎಳೆತದ ಬಲ, ನೀರು ಹೀರುವಿಕೆ, ಮಣ್ಣಿನಲ್ಲಿ ಕೊಳೆಯುವಿಕೆಗಳನ್ನು ಪರೀಕ್ಷಿಸಿ, ಮರದ ಪುಡಿಯ ಹಲಗೆಯೊಡನೆ ಹೋಲಿಸಿ 2004ರಲ್ಲಿ ಪ್ರಕಟಿಸಿತು. ಜಿ.ಎಂ. ತಾಂತ್ರಿಕ ಸಂಸ್ಥೆಯ ಸಂಶೋಧಕರು ಎಪಾಕ್ಸಿ ಮತ್ತು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟುಗಳೊಡನೆ ಅಡಿಕೆ ನಾರನ್ನು ಬೆಸೆದು, ಬಗ್ಗಿಸುವ ಮತ್ತು ಪೆಟ್ಟು ತಾಳುವ ಪರೀಕ್ಷೆಗಳನ್ನು ನಡೆಸಿ 2011ರ ಹೊತ್ತಿಗೆ ಫಲಿತಾಂಶಗಳನ್ನು ಹೊರತಂದರು. ಕ್ಷಾರದಿಂದ ಸಂಸ್ಕರಿಸಿದ ನಾರು ಸಂಸ್ಕರಿಸದ ನಾರಿಗಿಂತ ಗಟ್ಟಿ ಹಲಗೆ ಕೊಟ್ಟಿತು. ಮೇಣದ ಪದರ ಹೋದರೆ ಅಂಟು ಕಚ್ಚಿಕೊಳ್ಳುತ್ತದೆ ಎಂದು ಮೇಲೆ ಹೇಳಿದ ಎರಡನೆಯ ಷರತ್ತು ಇಲ್ಲಿ ಕಾಣುತ್ತದೆ.

ಮಾಡುವ ವಿಧಾನ ಸ್ಥೂಲವಾಗಿ ಹೀಗಿದೆ. ಸಿಪ್ಪೆಯನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕಿ ನಾರನ್ನು ಬಿಡಿಸುವುದು; ತೊಳೆದು ಒಣಗಿಸುವುದು; ಕ್ಷಾರದ ದ್ರಾವಣದಲ್ಲಿ ಅದ್ದಿ ಮತ್ತೆ ಚೆನ್ನಾಗಿ ತೊಳೆಯುವುದು; ಪೂರ್ತಿ ಒಣಗಿದ ನಾರಿಗೆ ಅಂಟುರಾಳ ಬೆರೆಸಿ ಅಚ್ಚಿನಲ್ಲಿಟ್ಟು ಒತ್ತುವುದು. ಹೊರಬರುವ ಹಲಗೆ ಬಾಗಿಲ ಹಾಳೆ, ಒಳಗೋಡೆ, ಪೆಟ್ಟಿಗೆ, ವಾಹನದ ಒಳಭಾಗಗಳಂಥ ಹಗುರ ಕೆಲಸಗಳಿಗೆ ಒದಗಬಲ್ಲದು. ಮನೆಯ ತೊಲೆಗೆ, ಗಾಡಿಯ ಅಚ್ಚಿಗೆ ಅಲ್ಲ. ಬಲದಲ್ಲಿ ಅಡಿಕೆ ನಾರು ಗಾಜಿನ ನಾರಿಗೆ ಸಾಟಿಯಲ್ಲ.

ಹಾಗಾದರೆ ತೊಡಕೆಲ್ಲಿ?

ಪ್ರಯೋಗಶಾಲೆಯ ಹಲಗೆಗೂ ಪೇಟೆಯ ಹಲಗೆಗೂ ನಡುವೆ ದಾರಿ ದೂರ. ನನಗೆ ಕಾಣುವ ಮುಖ್ಯ ತೊಡಕುಗಳು ನಾಲ್ಕು.

ಮೊದಲನೆಯದು ನೀರು. ಗಿಡದ ನಾರು ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಬ್ಬಿ ಕುಗ್ಗಿ ಅಂಟಿನ ಹಿಡಿತ ಸಡಿಲವಾಗುತ್ತದೆ. ಕಾಂಕ್ರೀಟು ಮತ್ತು ಕಬ್ಬಿಣ ಬಿಸಿಲಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದಲೇ ಅವುಗಳ ಸಂಸಾರ ನಡೆಯುತ್ತದೆ. ಗಿಡದ ನಾರಿಗೂ ರಾಳಕ್ಕೂ ಅಷ್ಟು ಹೊಂದಾಣಿಕೆ ಇಲ್ಲ.

ಎರಡನೆಯದು ನಾರಿನ ಉದ್ದ. ಅಡಿಕೆ ನಾರು ಸರಾಸರಿ 4 ಸೆಂಟಿಮೀಟರಿನಷ್ಟು. ಸೆಣಬಿನಂತೆ ಮಾರುದ್ದದ ಎಳೆ ಸಿಗುವುದಿಲ್ಲ.

ಮೂರನೆಯದು ಸಿಪ್ಪೆಯ ಏರುಪೇರು. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಒಣಗಿಸಿ ಸುಲಿಯುತ್ತಾರೆ. ಆ ಸಿಪ್ಪೆ ಒಣಗಿದ್ದು, ನಾರು ಬಲಿತದ್ದು. ನಮ್ಮ ಚನ್ನಗಿರಿ, ಹೊನ್ನಾಳಿ ಕಡೆ ಕೆಂಪಡಿಕೆಗಾಗಿ ಹಸಿರು ಕಾಯಿಯನ್ನೇ ಸುಲಿದು ಬೇಯಿಸುತ್ತೇವೆ. ಸಿಪ್ಪೆ ಎಳೆಯದು, ನೀರು ತುಂಬಿದ್ದು, ಗುಡ್ಡೆ ಹಾಕಿದರೆ ಬೇಗ ಹುಳಿಯುವಂಥದ್ದು. ಬೇರೆ ಕಡೆಯ ಸಿಪ್ಪೆಯ ಮೇಲಿನ ಅಂಕಿ ಅಂಶಗಳನ್ನು ನಮ್ಮ ಸಿಪ್ಪೆಗೆ ಹಾಗೆಯೇ ಅನ್ವಯಿಸಲಾಗದು.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಸಾಗಣೆ. ಹಸಿ ಕಾಯಿಯಲ್ಲಿ ಶೇಕಡ 60ರಿಂದ 80 ಭಾಗ ಸಿಪ್ಪೆಯೇ. ಹಸಿಯಾಗಿ ಸಾಗಿಸಿದರೆ ನೀರನ್ನು ಹೊತ್ತಂತೆ; ಒಣಗಿಸಿ ಸಾಗಿಸಿದರೆ ಗಾಳಿಯನ್ನು ಹೊತ್ತಂತೆ, ಲಾರಿ ತುಂಬುತ್ತದೆ, ತೂಕ ಬರುವುದಿಲ್ಲ. ಮಳೆಯ ದಿನಗಳಲ್ಲಿ ಒಣಗಿಸಲು ಕಣವೆಲ್ಲಿ?

ಮಣ್ಣಿನ ಲೆಕ್ಕ

ಇನ್ನು ನನ್ನ ಕಸುಬಿನ ಮಾತು. ಸಿಪ್ಪೆಗೆ ಹೊರಗೆ ಬೆಲೆ ಎಷ್ಟೇ ಬರಲಿ, ಮಣ್ಣಿನಲ್ಲಿ ಅದರ ಬೆಲೆ ಎಷ್ಟು ಎಂದು ನಿಮಗೆ ಗೊತ್ತಿರಬೇಕು.

ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು ಇದೆ. ಪೊಟ್ಯಾಷಿನ ಪಾಲೇ ಹೆಚ್ಚೆಂಬುದನ್ನು ಗಮನಿಸಿ. ಒಣ ಸಿಪ್ಪೆಯಲ್ಲಿ ಪೊಟ್ಯಾಷ್ ಶೇಕಡ ಒಂದರಷ್ಟು ಎಂದು ಹಿಡಿದರೆ, ಒಂದು ಟನ್ ಒಣ ಸಿಪ್ಪೆಯಲ್ಲಿ 10 ಕಿಲೋ ಪೊಟ್ಯಾಷ್ ಇರುತ್ತದೆ. ಅದು ಸುಮಾರು 70 ಮರಗಳ ಒಂದು ವರ್ಷದ ಪಾಲು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 17 ಕಿಲೋ. ಅಂದರೆ ಮೂರು ಟನ್ ಒಣ ಸಿಪ್ಪೆ ತೋಟದಿಂದ ಹೊರಗೆ ಹೋದರೆ 50 ಕಿಲೋದ ಒಂದು ಚೀಲ ಗೊಬ್ಬರ ಹೊರಗೆ ಹೋದಂತೆ. ಇದರ ಜೊತೆಗೆ ಸಾರಜನಕವೂ ಮಣ್ಣನ್ನು ಸಡಿಲಗೊಳಿಸಿ ತೇವ ಹಿಡಿದಿಡುವ ಸಾವಯವ ಅಂಶವೂ ಹೋಗುತ್ತದೆ. ಸಾವಯವ ಅಂಶಕ್ಕೆ ಅಂಗಡಿಯಲ್ಲಿ ಚೀಲವಿಲ್ಲ.

ತೋಟವನ್ನು ಚೇಣಿಗೆ ಕೊಡುವವರು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಚೇಣಿದಾರರು ಹಸಿ ಕಾಯಿಯನ್ನೇ ತಮ್ಮ ಸುಲಿಯುವ ಜಾಗಕ್ಕೆ ಒಯ್ಯುತ್ತಾರೆ. ಸಿಪ್ಪೆ ಅಲ್ಲೇ ಉಳಿಯುತ್ತದೆ, ಕೊನೆಗೆ ರಸ್ತೆಬದಿಗೆ ಬೀಳುತ್ತದೆ. ಹೀಗೆ ವರ್ಷ ವರ್ಷವೂ ನಿಮ್ಮ ತೋಟದ ಪೊಟ್ಯಾಷ್ ಊರಾಚೆ ಹೊಗೆಯಾಗುತ್ತಿದೆ. ಮಾತುಕತೆಯ ದಿನವೇ ಸಿಪ್ಪೆಯ ಪಾಲಿನ ಮಾತನ್ನೂ ಆಡಿಕೊಳ್ಳಿ.

ಹಾಗೆಂದು ಸಿಪ್ಪೆಯನ್ನು ಹಸಿಬಿಸಿ ತಂದು ಬುಡಕ್ಕೆ ಹೂಳಬಾರದು. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಓದು ಮುಗಿಸಿ ಬಂದ ಹೊಸತರಲ್ಲಿ ನಮ್ಮ ಮನೆಯ ತೋಟದ ಎಳೆಯ ಅಡಿಕೆ ಗಿಡಗಳ ಬುಡದ ಗುಂಡಿಗಳಿಗೆ ಒಣ ಸಿಪ್ಪೆಯನ್ನು ತುಂಬಿ ಮಣ್ಣು ಮುಚ್ಚಿಸಿದೆ. ಎರಡು ತಿಂಗಳಲ್ಲಿ ಗಿಡಗಳು ಹಳದಿಗೆ ತಿರುಗಿದವು. ಸಿಪ್ಪೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಂಡಿದ್ದವು. “ಇಷ್ಟು ಓದಿ ಬಂದು ಗಿಡದ ಬಾಯಿಂದ ಅನ್ನ ಕಸಿದ್ಯಲ್ಲಪ್ಪಾ” ಎಂದರು ನಮ್ಮ ತಂದೆ. ಆ ಮಾತನ್ನು ನಾನು ಮರೆತಿಲ್ಲ.

ಸರಿಯಾದ ಕ್ರಮ ಹೀಗಿದೆ. ನೆರಳಿರುವ, ನೀರು ನಿಲ್ಲದ ಜಾಗದಲ್ಲಿ ಸಿಪ್ಪೆಯನ್ನು ಅರ್ಧ ಅಡಿ ಪದರವಾಗಿ ಹರಡಿ. ಅದರ ಮೇಲೆ ಗೊಬ್ಬರಗಿಡದಂಥ ಹಸಿರು ಸೊಪ್ಪು, ಅದರ ಮೇಲೆ ಸಗಣಿ ಬಗ್ಗಡ. ಹೀಗೆ ನಾಲ್ಕು ಅಡಿ ಎತ್ತರದವರೆಗೆ ಪದರಗಳನ್ನು ಕಟ್ಟಿ. ಸೊಪ್ಪು ಸಗಣಿ ಸಾಲದಿದ್ದರೆ ತೆಂಗಿನ ನಾರಿನ ಪುಡಿಗೆ ಶಿಫಾರಸು ಮಾಡುವಂತೆ ಟನ್ನಿಗೆ ಸುಮಾರು 5 ಕಿಲೋ ಯೂರಿಯಾ ಸೇರಿಸಬಹುದು. ಹಿಂಡಿದರೆ ನೀರು ಸುರಿಯದ, ಆದರೆ ಕೈ ಒದ್ದೆಯಾಗುವ ಹದದಲ್ಲಿ ತೇವವಿರಲಿ. ತಿಂಗಳಿಗೊಮ್ಮೆ ತಿರುವಿ ಹಾಕಿ. ನಾಲ್ಕರಿಂದ ಆರು ತಿಂಗಳಲ್ಲಿ ಕಂದು ಬಣ್ಣದ ಗೊಬ್ಬರ ಸಿಗುತ್ತದೆ. ಬಿಸಿ ಇಳಿದ ಮೇಲೆ ಎರೆಹುಳು ಬಿಟ್ಟರೆ ಇನ್ನೂ ಮೇಲು. ಕೊಳೆರೋಗ ತಗಲಿದ ಕಾಯಿಯ ಸಿಪ್ಪೆಯನ್ನಂತೂ ಕೊಳೆಸದೆ ತೋಟಕ್ಕೆ ಹಾಕಲೇಬೇಡಿ.

ಮಾರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮುಂದೊಂದು ದಿನ ಸಿಪ್ಪೆ ಕೊಳ್ಳುವವರು ನಿಮ್ಮ ಬಾಗಿಲಿಗೆ ಬರಬಹುದು. ಬಂದರೆ ಒಳ್ಳೆಯದೇ. ಆದರೆ ಕೆಳಗಿನ ಲೆಕ್ಕವನ್ನು ಮುಗಿಸದೆ ಮಾತು ಕೊಡಬೇಡಿ.

1. ಬೆಲೆ ಹಸಿ ತೂಕಕ್ಕೋ, ಒಣ ತೂಕಕ್ಕೋ? 10 ಕಿಲೋ ಹಸಿ ಸಿಪ್ಪೆಯನ್ನು ನಿಮ್ಮ ಕಣದಲ್ಲೇ ಒಣಗಿಸಿ ತೂಗಿ, ಎಷ್ಟು ಉಳಿಯುತ್ತದೆಂದು ಮೊದಲೇ ತಿಳಿದಿಟ್ಟುಕೊಳ್ಳಿ.

2. ಒಣಗಿಸುವ ಕೂಲಿ, ಸಾಗಿಸುವ ಬಾಡಿಗೆ ಯಾರದು?

3. ಬರುವ ಹಣ, ಅದೇ ಸಿಪ್ಪೆಯಿಂದ ಉಳಿಯುವ ಗೊಬ್ಬರದ ಖರ್ಚಿಗಿಂತ ಹೆಚ್ಚೋ ಕಡಿಮೆಯೋ? ಮೇಲೆ ಕೊಟ್ಟ ಲೆಕ್ಕಕ್ಕೆ ನಿಮ್ಮ ಊರಿನ ಇಂದಿನ ದರ ಹಾಕಿ ನೋಡಿ.

4. ಮಾರಿದ ಹಣದಲ್ಲಿ ಒಂದು ಭಾಗವನ್ನು ಗೊಬ್ಬರವಾಗಿ ಅದೇ ತೋಟಕ್ಕೆ ಹಿಂದಿರುಗಿಸುತ್ತೀರಾ? ಇಲ್ಲವಾದರೆ ನೀವು ಮಾರುತ್ತಿರುವುದು ಸಿಪ್ಪೆಯನ್ನಲ್ಲ, ಮಣ್ಣನ್ನು.

5. ಕೊಳ್ಳುವವರು ಒಂದು ಹಂಗಾಮಿಗೆ ಬಂದವರೋ, ನಿಲ್ಲುವವರೋ? ಕರಾರು ಬರಹದಲ್ಲಿದೆಯೇ? ಹಣ ಯಾವಾಗ?

ಒಬ್ಬೊಬ್ಬರೇ ಮಾರುವುದಕ್ಕಿಂತ ಊರಿನ ಸಹಕಾರ ಸಂಘ ಅಥವಾ ಸ್ವಸಹಾಯ ಗುಂಪು ಸಿಪ್ಪೆಯನ್ನು ಒಂದೆಡೆ ಒಣಗಿಸಿ, ಒತ್ತಿ ಕಟ್ಟು ಕಟ್ಟಿ ಮಾರಿದರೆ ಸಾಗಣೆಯ ತೊಡಕು ಅರ್ಧ ಕಡಿಮೆಯಾಗುತ್ತದೆ. ನಾರು ಬಿಡಿಸುವ ಕೆಲಸವೂ ಊರಲ್ಲೇ ಆದರೆ ನಾರು ಮಾತ್ರ ಹೊರಗೆ ಹೋಗಿ, ಉಳಿದ ಪುಡಿ, ಮೆದು ತಿರುಳು ಗೊಬ್ಬರದ ಗುಂಡಿಗೆ ಸೇರುತ್ತದೆ. ನಾರಿನ ಗಟ್ಟಿತನ ಎಂಜಿನಿಯರಿಗೆ, ಉಳಿದದ್ದು ಮಣ್ಣಿಗೆ. ಕಾಂಪೋಸಿಟ್ ಮತ್ತು ಕಾಂಪೋಸ್ಟ್ ಎರಡೂ ಒಂದೇ ಸಿಪ್ಪೆಯಿಂದ ಆಗಬಹುದಾದ ದಾರಿ ಇದು. ತಾಂತ್ರಿಕ ಕಾಲೇಜಿನ ಯುವಕರು ಹಲಗೆಯ ಬಲವನ್ನು ಅಳೆದಷ್ಟೇ ಆಸ್ಥೆಯಿಂದ ಹಸಿ ಸಿಪ್ಪೆಯಿಂದ ನಾರು ಬಿಡಿಸುವ ಅಗ್ಗದ ಯಂತ್ರವೊಂದನ್ನು ಹಳ್ಳಿಯ ಕಣದಲ್ಲಿ ನಿಲ್ಲಿಸಿ ತೋರಿಸಿದರೆ ಈ ಸೀಮೆಗೆ ದೊಡ್ಡ ಉಪಕಾರವಾದೀತು.

ಯಜಮಾನರಿಗೆ ನನ್ನ ಉತ್ತರ ಇಷ್ಟು. ನಿಮ್ಮ ಮೊಮ್ಮಗ ಹೇಳಿದ್ದು ನಿಜ. ಸಿಪ್ಪೆಯಲ್ಲಿ ಗಟ್ಟಿ ನಾರಿದೆ, ಅದರಿಂದ ಹಲಗೆಯಾಗುತ್ತದೆ. ಆದರೆ ಸರಿಯಾದ ಲೆಕ್ಕ ಕೊಟ್ಟು ಕೊಳ್ಳುವವರು ಬರುವ ತನಕ ಅದರ ಮೊದಲ ಹಕ್ಕುದಾರ ನಿಮ್ಮ ತೋಟದ ಮಣ್ಣು. ಈ ಹಂಗಾಮಿನ ಸಿಪ್ಪೆಯನ್ನು ಗೊಬ್ಬರ ಮಾಡಿ. ಮುಂದಿನ ಹಂಗಾಮಿಗೆ ಮಣ್ಣು ಪರೀಕ್ಷೆ ಮಾಡಿಸಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಮೊಮ್ಮಗನಿಗೆ ಒಂದು ಚೀಲ ಒಣ ಸಿಪ್ಪೆ ಕಟ್ಟಿಕೊಟ್ಟು, “ಇದರಾಗೆ ನಾರು ಬಿಡಿಸೋದು ಹೆಂಗೆ ಅಂತ ಮೊದಲು ಹೇಳು” ಎಂದು ಕೇಳಿ. ರಸ್ತೆಬದಿಯಲ್ಲಿ ಸುರಿದು ಬೆಂಕಿ ಇಡುವುದನ್ನು ಮಾತ್ರ ಇಂದೇ ನಿಲ್ಲಿಸಿ. ಆ ಹೊಗೆಯಿಂದ ಹಲಗೆಯೂ ಆಗುವುದಿಲ್ಲ, ಗೊಬ್ಬರವೂ ಆಗುವುದಿಲ್ಲ.